ಸೆಲೆರಾನಿಗೂ ಸೆಂಪ್ರಾನಿಗೂ ನಡುವೆ ಒಬ್ಬ ಮೇಸ್ತ್ರಿ

ಕಂಪ್ಯೂಟರ್ ಮಾರುವವರೆಲ್ಲ ಗಿರಾಕಿಗೆ ಸ್ಕ್ರೀನ್ ತೋರಿಸುತ್ತಿದ್ದ ಕಾಲ ಅದು. ಇವರೊಬ್ಬರು ಗಿರಾಕಿಯ ಕೈ ನೋಡುತ್ತಿದ್ದರು.

ಕೊಯಮತ್ತೂರಿನ ಉಕ್ಕಡಂ ಬಸ್ ಸ್ಟ್ಯಾಂಡಿನಿಂದ ಎರಡು ತಿರುವು ದಾಟಿದರೆ, ಸೈಕಲ್ ರಿಪೇರಿ ಅಂಗಡಿಯೊಂದರ ಮೇಲೆ ಅವರ ಕೋಣೆ. ಕಬ್ಬಿಣದ ಮೆಟ್ಟಿಲು ಹತ್ತಬೇಕು. ಗಾಳಿ ಕೆರೆಯ ಕಡೆಯಿಂದ ಬೀಸಿದರೆ ಮೊದಲು ಮೀನು ಮಾರ್ಕೆಟ್ಟಿನ ವಾಸನೆ, ಆಮೇಲೆ ಬೆಸುಗೆಯ ವಾಸನೆ. ಬೋರ್ಡಿನಲ್ಲಿ ತಮಿಳು ಮತ್ತು ಇಂಗ್ಲಿಷಿನಲ್ಲಿ ಕಂಪ್ಯೂಟರ್ ಸೇಲ್ಸ್ ಅಂಡ್ ಸರ್ವೀಸ್ ಎಂದಿತ್ತೇ ಹೊರತು ಅವರ ಹೆಸರಿರಲಿಲ್ಲ. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಲೂ ಇರಲಿಲ್ಲ. ಪವರ್‌ಲೂಮ್ ಷೆಡ್ಡುಗಳಲ್ಲಿ ಕೆಟ್ಟ ಮಗ್ಗ ಸರಿಮಾಡುವವರಿಗೆ ಆ ಕಡೆ ಮೇಸ್ತ್ರಿ ಎನ್ನುತ್ತಾರೆ. ಇಪ್ಪತ್ತು ವರ್ಷ ಆ ಕೆಲಸ ಮಾಡಿ ಕಂಪ್ಯೂಟರಿಗೆ ಬಂದಮೇಲೂ ಆ ಹೆಸರು ಅವರ ಬೆನ್ನು ಬಿಡಲಿಲ್ಲ. ಹೋದ ತಿಂಗಳು ಅವರ ಹೆಂಡತಿ ಫೋನ್ ಮಾಡಿ ಹೇಳಿದ್ದೂ ಅಷ್ಟೇ: "ಅಮ್ಮಾ, ನಮ್ಮ ಮೇಸ್ತ್ರಿ ಹೋಗ್ಬಿಟ್ರಂಗ."

ಮೇಸ್ತ್ರಿ ನನ್ನ ನೆಂಟರಲ್ಲ, ಓರಗೆಯವರಲ್ಲ. ಸ್ಟ್ರಿಕ್ಟ್ಲಿ ಸ್ಪೀಕಿಂಗ್, ನಾನು ಅವರ ಒಬ್ಬ ಕಸ್ಟಮರ್. ಆದರೆ ಈ ವಯಸ್ಸಿನಲ್ಲಿ ಯಾರು ನಮಗೆ ಏನಾಗಿದ್ದರು ಎನ್ನುವುದು ಅವರು ಹೋದಮೇಲೆಯೇ ತಿಳಿಯುವುದು.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಕೊಯಮತ್ತೂರಿಗೆ ಬಂದೆ, ಇಲ್ಲಿಯ ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ಮನೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು. ಮಧ್ಯಾಹ್ನಗಳು ಉದ್ದವಾಗಿದ್ದವು. ಒಂದು ದಿನ ಸ್ಕೂಲಿನ ಹೆಡ್ ಆಗಿದ್ದ ಸಿಸ್ಟರ್ ಕರೆಸಿ, "ಮೈ ಡಿಯರ್, ಯು ಆರ್ ರಸ್ಟಿಂಗ್" ಎಂದರು. ಸ್ಕೂಲಿನ ಹಿಂದೆ ಒಂದು ಹಾಲ್ ಖಾಲಿ ಇತ್ತು. ಓದು ಅರ್ಧಕ್ಕೆ ಬಿಟ್ಟು ಸ್ಪಿನ್ನಿಂಗ್ ಮಿಲ್ಲಿಗೋ ತಿರುಪ್ಪೂರಿನ ಬನಿಯನ್ ಕಂಪನಿಗೋ ಹೋಗುವ ಹೆಣ್ಣುಮಕ್ಕಳಿಗೆ ಅಲ್ಲಿ ಕಂಪ್ಯೂಟರ್ ಕಲಿಸೋಣ, ಹಳೆಯ ವಿದ್ಯಾರ್ಥಿನಿಯರು ಎಂಟು ಮೆಷಿನ್ ಕೊಡಿಸುತ್ತಾರೆ, ಕೊಂಡು ತರುವುದು ನಿನ್ನ ಜವಾಬ್ದಾರಿ, ಎಂದರು. ನನಗೆ ಕಂಪ್ಯೂಟರ್ ಬಗ್ಗೆ ಗೊತ್ತಿದ್ದದ್ದು ಸೊನ್ನೆ. ಈ ಕೆಲಸದ ದುಡ್ಡಿನ ಲೆಕ್ಕ ನೋಡುತ್ತಿದ್ದ ನಮ್ಮ ಟ್ರೆಷರರ್ ಬ್ಯಾಂಕಿನಿಂದ ನಿವೃತ್ತರಾದ ತಮಿಳರು, ಮನುಷ್ಯ ನೆಟ್ಟಗೆ, ಮಾತೂ ನೆಟ್ಟಗೆ. ಅವರು ಒಂದು ಚೀಟಿಯಲ್ಲಿ ಎರಡು ಹೆಸರು ಬರೆದುಕೊಟ್ಟರು. ಸೆಲೆರಾನ್ ಎರಡು ಪಾಯಿಂಟ್ ನಾಲ್ಕು. ಸೆಂಪ್ರಾನ್ ಇಪ್ಪತ್ನಾಲ್ಕು ನೂರು. ಆಗಿನ ಅಗ್ಗದ ಕಂಪ್ಯೂಟರುಗಳ ಒಳಗೆ ಕೂರುತ್ತಿದ್ದ ಎರಡು ಚಿಪ್‌ಗಳು. ಬೆಲೆ ಹತ್ತಿರ ಹತ್ತಿರ. ಎರಡರಲ್ಲಿ ಒಂದು.

ಆ ಚೀಟಿ ಹಿಡಿದು ಮೊದಲ ಸಲ ಆ ಕಬ್ಬಿಣದ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಉಸಿರು ಸಿಕ್ಕಿಕೊಂಡು, ನನ್ನಷ್ಟಕ್ಕೆ, "ಅಯ್ಯೋ ದೇವರೇ, ಇದನ್ನ ಹತ್ತೋಕೆ ಎರಡು ಮಂಡಿ ಸಾಲದು" ಎಂದು ಗೊಣಗಿದೆ.

ಒಳಗಿನಿಂದ ಒಂದು ದನಿ: "ಇಳಿಯಕ್ಕೆ ಒಂದು ಸಾಕು. ಬನ್ನೀಂಗಮ್ಮಾ."

ನಾನು ಬಾಗಿಲಲ್ಲೇ ನಿಂತೆ. "ನೀವು ಕನ್ನಡದವರಾ?"

"ಮನೆ ಒಳಗೆ" ಎಂದರು, ತಲೆ ಎತ್ತದೆ. "ವಾಸಲು ದಾಟಿದ್ರೆ ತಮಿಳು. ನನ್ನ ಕನ್ನಡ ಕೇಳಿ ನಗಬೇಡೀಂಗ."

"ನನ್ನದು ಕೇಳಿ ನೀವು ನಗಬೇಡಿ. ಅರ್ಧ ಇಂಗ್ಲಿಷು."

"ಹಂಗಾದ್ರೆ ಇಬ್ಬರೂ ಸೇರಿ ಒಂದು ಮುಕ್ಕಾಲು ಕನ್ನಡ ಆಗ್ತದೆ" ಎಂದು ಸ್ಟೂಲ್ ಒರೆಸಿ ಕೊಟ್ಟರು.

ನೇಕಾರರ ಮನೆತನ ಅವರದು. ತಲೆಮಾರುಗಳಿಂದ ಇಲ್ಲೇ. ಕನ್ನಡ ಅಕ್ಷರ ಒಂದೂ ಬಾರದು. ಮಾತು ಮಾತ್ರ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗನಿಗೆ ಬಾಯಿಂದ ಬಾಯಿಗೆ ಬಂದದ್ದು. ದಾರಿಯಲ್ಲಿ ಈ ಸೀಮೆಯ, ಕೊಂಗುನಾಡಿನ, ಮರ್ಯಾದೆಯ ರಾಗವೂ ಅಂಟಿಕೊಂಡಿತ್ತು. 'ಸರೀಂಗ', 'ಇಲ್ಲೀಂಗ' ಎಂದು ಅವರು ಎಳೆಯುವಾಗ ಜಗಳವೂ ಉಪಚಾರದಂತೆ ಕೇಳುತ್ತಿತ್ತು. ತೆಳ್ಳನೆ ಮನುಷ್ಯ, ಐವತ್ತರ ಆಸುಪಾಸು. ಕನ್ನಡಕದ ಮುರಿದ ಕಡ್ಡಿಗೆ ನೂಲು ಸುತ್ತಿದ್ದರು. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್. ಚಿಪ್ ಎತ್ತುವಾಗ ಹೆಂಗಸರು ಮೂಗುಬೊಟ್ಟು ಹಿಡಿಯುವ ಹಾಗೆ ಎರಡು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದರು, ಆಗ ಮಾತಾಡುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಚಿಪ್ ಕೆಳಗಿಟ್ಟು, ಉತ್ತರ ಕೊಟ್ಟು, ಮತ್ತೆ ಎತ್ತುತ್ತಿದ್ದರು.

ಚೀಟಿ ಕೊಟ್ಟು, "ಎರಡರಲ್ಲಿ ಯಾವುದು ಬೆಟರ್?" ಎಂದೆ.

"ನಿಮ್ಮ ವೇಲೆ ತಗೊಂಡು ಬನ್ನಿ, ನೋಡೋಣ."

ವೇಲೆ ಅಂದರೆ ಕೆಲಸ. ನಾವು ಆ ಕಂಪ್ಯೂಟರಿನಲ್ಲಿ ಏನೇನು ಮಾಡುತ್ತೇವೋ ಅದನ್ನೇ ತರಬೇಕು, ನಾನೇ ಕೂತು ಮಾಡಬೇಕು. ಯಾರೋ ಬರೆದ ರಿವ್ಯೂ, ಮ್ಯಾಗಜೀನಿನ ಟೇಬಲ್ಲು ಇವೆಲ್ಲ ಅವರ ಹತ್ತಿರ ನಡೆಯುತ್ತಿರಲಿಲ್ಲ. ಶನಿವಾರ ಫ್ಲಾಪಿಯಲ್ಲಿ ಒಂದಷ್ಟು ಟೈಪಿಂಗ್ ಪಾಠ, ಸ್ಕೂಲಿನ ಒಂದು ಮಾರ್ಕ್ಸ್ ಪಟ್ಟಿ, ಪ್ರಿಂಟಿಗೆ ನಾಲ್ಕು ಲೆಟರ್ ಹಾಕಿಕೊಂಡು ಹೋದೆ. ಮೇಜಿನ ಮೇಲೆ ಅಕ್ಕಪಕ್ಕ ಎರಡು ಮೆಷಿನ್. ಮೆಮೊರಿ, ಡಿಸ್ಕ್ ಎಲ್ಲ ಒಂದೇ, ಚಿಪ್ ಮಾತ್ರ ಬೇರೆ. ಎರಡರ ಮೇಲೂ ಟವೆಲ್ ಹೊದಿಸಿದ್ದರು, ಯಾವುದು ಯಾವುದೆಂದು ನನಗೆ ತಿಳಿಯದಂತೆ. ಎರಡು ಸ್ಟೀಲ್ ಲೋಟ. ಪಕ್ಕದಲ್ಲಿ ನಿಂತ ಅವರ ಅಂಗೈಯಲ್ಲಿ ಒಂದು ಹಿಡಿ ಹುಣಸೆಬೀಜ.

"ಇದೇನು ಮೇಸ್ತ್ರೀ, ಅಳಗುಳಿಮಣೆ ಆಡ್ತೀರಾ?"

"ನೀವು ವೇಲೆ ಮಾಡೀಂಗ. ನಾನು ಆಡ್ಕೋತೀನಿ."

ನಾನು ಟೈಪ್ ಮಾಡಿದೆ, ಪಟ್ಟಿ ತೆರೆದೆ, ಮುಚ್ಚಿದೆ, ಪ್ರಿಂಟ್ ಕೊಟ್ಟೆ. ಅವರು ಸ್ಕ್ರೀನ್ ಕಡೆ ಒಂದು ಸಲವೂ ನೋಡಲಿಲ್ಲ. ಮೆಷಿನ್ ತಡಮಾಡಿ ನನ್ನ ಕೈ ಕಾಯುತ್ತ ನಿಂತಾಗೆಲ್ಲ ಲೋಟದಲ್ಲಿ ಟಣ್ ಎಂದು ಒಂದು ಬೀಜ. ಅದು ಅವರ ತಾಯಿಯ ಪದ್ಧತಿಯಂತೆ. ಆಕೆ ಜಗಲಿಯಲ್ಲಿ ಕೂತು ಒಳಗಿನ ಮಗ್ಗದ ಸದ್ದು ಕೇಳುತ್ತಿದ್ದರು. ಸದ್ದು ನಿಂತಾಗೆಲ್ಲ ಮಡಕೆಗೆ ಒಂದು ಹುಣಸೆಬೀಜ. ಸಂಜೆ ಬೀಜ ನೋಡಿ, ದಾರ ಕೆಟ್ಟದ್ದೋ, ನೇಯುವವನ ಮನಸ್ಸು ಕೆಟ್ಟದ್ದೋ ಹೇಳುತ್ತಿದ್ದರಂತೆ.

ಕೊನೆಗೆ ಎಡಗಡೆ ಲೋಟದಲ್ಲಿ ಬೀಜ ಹೆಚ್ಚಿತ್ತು. ಬಲಗಡೆಯದರ ಟವೆಲ್ ಎತ್ತಿದರು. ಸೆಂಪ್ರಾನ್.

"ನಿಮ್ಮ ವೇಲೆಗೆ ಇದು" ಎಂದರು. ಇನ್ನೊಂದು ಕೆಟ್ಟದ್ದು ಎಂದು ಹೇಳಲಿಲ್ಲ. ಅದರ ಹಿಂದಿನ ವಾರವಷ್ಟೇ ಮದುವೆ ವಿಡಿಯೋ ಕತ್ತರಿಸಿ ಜೋಡಿಸುವವರೊಬ್ಬರಿಗೆ ಅದೇ ಲೋಟಗಳು ಸೆಲೆರಾನನ್ನು ಆರಿಸಿಕೊಟ್ಟಿದ್ದವು.

ನಮ್ಮ ಟ್ರೆಷರರಿಗೆ ಇದು ಹಿಡಿಸಲಿಲ್ಲ. ಸಿಸ್ಟರ್ ರೂಮಿನಲ್ಲಿ ಮೇಸ್ತ್ರಿಯನ್ನು ಎದುರಿಗೆ ನಿಲ್ಲಿಸಿಕೊಂಡು, "ಮೇಡಂ, ಒಂದರಲ್ಲಿ ಟೂ ಪಾಯಿಂಟ್ ಫೋರ್. ಇನ್ನೊಂದರ ಹೆಸರಲ್ಲಿ ಮಾತ್ರ ಟ್ವೆಂಟಿಫೋರ್ ಹಂಡ್ರೆಡ್, ಒಳಗೆ ಓಡುವುದು ಒನ್ ಪಾಯಿಂಟ್ ಸಿಕ್ಸ್. ನನಗೆ ಅರಿಥ್‌ಮೆಟಿಕ್ ಗೊತ್ತು. ಹುಣಸೆಬೀಜ ಗೊತ್ತಿಲ್ಲ" ಎಂದರು.

ಮೇಸ್ತ್ರಿ ತಮಿಳಿನಲ್ಲಿ, ಬಹಳ ಮರ್ಯಾದೆಯಿಂದ: "ಸಾರ್, ಒಂದು ಮಗ್ಗ ನಿಮಿಷಕ್ಕೆ ನೂರಾ ಅರವತ್ತು ಸಲ ಲಾಳಿ ಓಡಿಸ್ತದೆ. ಇನ್ನೊಂದು ನೂರಾ ಇಪ್ಪತ್ತು. ಸಂಜೆ ನೀವು ಲಾಳಿ ಎಣಿಸ್ತೀರಾ, ಬಟ್ಟೆ ಅಳೀತೀರಾ?"

"ಅದು ಮಗ್ಗ."

"ಒಂದು ಕಂಪನಿಯವರು ಡಬ್ಬಿ ಮೇಲೆ ಲಾಳಿ ಲೆಕ್ಕ ಬರೀತಾರೆ. ಇನ್ನೊಬ್ಬರು ಎಷ್ಟು ಬಟ್ಟೆ ಬರಬಹುದು ಅಂತ ಬರೀತಾರೆ. ನಾನು ಎರಡೂ ಓದಲ್ಲ ಸಾರ್. ನೇಯ್ದು ನೋಡ್ತೀನಿ."

ಸಿಸ್ಟರ್ ಬಾಯಿಗೆ ಕರ್ಚೀಫ್ ಹಿಡಿದು ನಕ್ಕರು. ಟ್ರೆಷರರ್ ನಗಲಿಲ್ಲ. "ನಾಳೆ ಏನಾದರೂ ಆದರೆ?" ಎಂದು ನನ್ನ ಕಡೆ ತಿರುಗಿದರು. "ನನ್ನ ರೆಸ್ಪಾನ್ಸಿಬಿಲಿಟಿ" ಎಂದೆ. "ಪ್ಲೀಸ್ ಪುಟ್ ಇಟ್ ಇನ್ ರೈಟಿಂಗ್" ಎಂದರು. ಅಂದವಾದ ಕರ್ಸಿವ್‌ನಲ್ಲಿ ಬರೆದುಕೊಟ್ಟೆ. ಮೆಟ್ಟಿಲಿಳಿಯುವಾಗ ಮೇಸ್ತ್ರಿ, "ಅಮ್ಮಾ, ನನ್ನ ಲೋಟ ನಂಬಿ ಕೈಯೆಳುತ್ತು ಹಾಕಿಬಿಟ್ರಲ್ಲಾ" ಎಂದರು. ಕೈಯೆಳುತ್ತು ಎಂದರೆ ರುಜು. ಅವರ ಮುಖದಲ್ಲಿ ಹೆಮ್ಮೆಯೂ ಇತ್ತು, ಸ್ವಲ್ಪ ಭಯವೂ ಇತ್ತು.

ಎಂಟು ಮೆಷಿನ್ ಬಂದವು, ಕ್ಲಾಸ್ ಶುರುವಾಯಿತು. ಅವು ನನ್ನ ರಿಟೈರ್ಡ್ ಜೀವನದ ಒಳ್ಳೆಯ ತಿಂಗಳುಗಳು. ಹದಿನೆಂಟು, ಹತ್ತೊಂಬತ್ತರ ಎಂಟು ಹೆಣ್ಣುಮಕ್ಕಳು, ತಲೆತುಂಬ ಕನಕಾಂಬರ, ಕೀಬೋರ್ಡಿನ ಮೇಲೆ ಅರಿಶಿನದ ಬೆರಳು. ಮೇಸ್ತ್ರಿ ವಾರಕ್ಕೊಮ್ಮೆ ಬಂದು ಧೂಳು ಹೊಡೆಯುತ್ತಿದ್ದರು. ಹುಡುಗಿಯರಿಗೆ ಅವರು ಮೇಸ್ತ್ರಿಯಣ್ಣ. ಯಾರಾದರೂ ತಪ್ಪು ಟೈಪ್ ಮಾಡಿ ನಾಲಿಗೆ ಕಚ್ಚಿಕೊಂಡರೆ, "ಅಳಿಸು ಅಮ್ಮಣಿ, ಅಳಿಸು. ನೀವೆಲ್ಲ ಪುಣ್ಯವಂತರು. ನಮ್ಮ ಕಾಲದಲ್ಲಿ ತಪ್ಪು ನೇಯ್ದ್ರೆ ಒಂದೊಂದೇ ಎಳೆ ಬಿಚ್ಚಬೇಕಾಗಿತ್ತು" ಎನ್ನುತ್ತಿದ್ದರು. ಅಮ್ಮಣಿ ಎಂದು ಕೊಂಗುನಾಡಿನವರು ಮನೆಮಗಳನ್ನು ಕರೆಯುತ್ತಾರೆ. ಟೀ ಕೊಟ್ಟರೆ ಸಕ್ಕರೆ ಇಲ್ಲದೆ. ಕೂರಿ ಎಂದರೆ ಕೂರುತ್ತಿರಲಿಲ್ಲ. ಷೆಡ್ಡಿನಲ್ಲಿ ನಿಂತು ನಿಂತು ಕೂರುವುದು ಮರೆತಿದೆ ಎನ್ನುತ್ತಿದ್ದರು.

ಆ ಎಂಟರಲ್ಲಿ ಒಬ್ಬಳು ಮಡತ್ತುಕುಳದ ಕಡೆಯವಳು. ಅಲ್ಲಿ ಅವಳಪ್ಪ ಯಾರದೋ ಕಬ್ಬಿನ ತೋಟದಲ್ಲಿ ಕೆಲಸಕ್ಕಿದ್ದರು. ಇವಳು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಲಿಯುತ್ತಿದ್ದಳು. ಬೇಸಗೆಯವರೆಗೆ ಎಂದು ಅಪ್ಪ ಗಡುವು ಹಾಕಿದ್ದರು. ಅಷ್ಟರಲ್ಲಿ ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ತಿರುಪ್ಪೂರಿನಲ್ಲಿ ಬನಿಯನ್ನಿನ ನೂಲು ಕತ್ತರಿಸುವ ಕೆಲಸ ಕಾದಿತ್ತು. ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು ಅವಳೇ. ಹೆದರುಪುಕ್ಕಲಿಯೂ ಅವಳೇ. ನಾನು ಹಿಂದೆ ನಿಂತರೆ ಸಾಕು, ಬೆರಳು ತಡವರಿಸುತ್ತಿತ್ತು.

ಸಿಸ್ಟರ್ ಎಲ್ಲೆಲ್ಲಿಗೋ ಫೋನ್ ಮಾಡಿ ಒಂದು ದಾರಿ ಮಾಡಿದರು. ಶರವಣಂಪಟ್ಟಿಯ ಒಂದು ಆಫೀಸಿಗೆ ಡೇಟಾ ಎಂಟ್ರಿಗೆ ಜನ ಬೇಕಿತ್ತು. ಅವರ ಮ್ಯಾನೇಜರ್ ನಮ್ಮಲ್ಲಿಗೇ ಬಂದು, ನಮ್ಮ ಮೆಷಿನ್‌ಗಳ ಮೇಲೇ ಅರ್ಧ ಗಂಟೆ ಟೆಸ್ಟ್ ಕೊಟ್ಟು ಆರಿಸಿಕೊಳ್ಳುವುದು. ಈಸ್ಟರ್ ಮುಗಿದ ಮರುವಾರ, ಮಧ್ಯಾಹ್ನ ಎರಡಕ್ಕೆ. ಮಧ್ಯದಲ್ಲಿ ಮೆಷಿನ್ ನಿಂತರೆ ಆ ಪೇಪರ್ ಲೆಕ್ಕಕ್ಕಿಲ್ಲ, ಹತ್ತಿರದಲ್ಲಿ ಮತ್ತೆ ಬರುವುದಕ್ಕೆ ತಮಗೆ ಆಗುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು.

ಟೆಸ್ಟಿಗೆ ಐದು ದಿನ ಇರುವಾಗ, ಊಟದ ನಂತರ, ಒಂದು ಮೆಷಿನ್ ತಾನೇ ಆಫ್ ಆಯಿತು. ಆಮೇಲೆ ಇನ್ನೊಂದು. ಮೂರು ಗಂಟೆಗೆ ಎಂಟೂ ಕಪ್ಪು. ಬೆಳಿಗ್ಗೆ ಎಲ್ಲ ಸರಿ ಇರುತ್ತಿತ್ತು, ಮಧ್ಯಾಹ್ನ ಮತ್ತೆ ಅದೇ ಕತೆ.

ಮಾರನೆಯ ದಿನ ಟ್ರೆಷರರ್ ನನ್ನ ಕರ್ಸಿವ್ ಕಾಗದ ಹಿಡಿದುಕೊಂಡೇ ಬಂದರು. ಮೇಸ್ತ್ರಿಯೂ ಬಂದರು. ಮೆಷಿನ್ ಮುಟ್ಟಲಿಲ್ಲ. ಗೋಡೆಯ ಮೇಲೆ ಅಂಗೈ ಇಟ್ಟರು, ತೆಗೆದರು. ತಲೆಯ ಮೇಲಿನ ಸಿಮೆಂಟ್ ಶೀಟ್ ನೋಡಿದರು. ಹೋಗಿ, ಅಂಗಡಿಯಿಂದ ಒಂದು ಸೆಲೆರಾನ್ ಮೆಷಿನ್ ಆಟೋದಲ್ಲಿ ಹಾಕಿಕೊಂಡು ಬಂದು ನಮ್ಮ ಸೆಂಪ್ರಾನಿನ ಪಕ್ಕ ಇಟ್ಟರು. "ಸಾರ್, ನೀವೇ ಕೂತು ನೋಡಿ" ಎಂದು ಟ್ರೆಷರರಿಗೆ ಕುರ್ಚಿ ಹಾಕಿದರು. ಅವರು ಬೆವರುತ್ತ ಕೂತರು, ಮೇಸ್ತ್ರಿ ಬೆವರುತ್ತ ನಿಂತರು. ಮೂರು ಗಂಟೆಯೊಳಗೆ ಎರಡೂ ನಿಂತವು. ಯಾವುದು ಮೊದಲು ಎನ್ನುವುದಕ್ಕೆ ಅರ್ಥವೇ ಇರಲಿಲ್ಲ; ಆ ಹಾಲಿನಲ್ಲಿ ಮನುಷ್ಯರೇ ನಿಲ್ಲುವಂತಿರಲಿಲ್ಲ.

"ಚಿಪ್ಪಿನ ತಪ್ಪಲ್ಲ ಸಾರ್" ಎಂದರು ಮೇಸ್ತ್ರಿ. "ಇದರದೂ ಅಲ್ಲ, ಅದರದೂ ಅಲ್ಲ. ನನ್ನದು. ನಾನು ಆಡಿ ಗಾಳಿಯಲ್ಲಿ ನೋಡಿದೆ."

ಕೊಯಮತ್ತೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಡಿ ತಿಂಗಳೆಂದರೆ ನಮ್ಮ ಆಷಾಢ. ಪಾಲಘಾಟ್ ಕಡೆಯ ಬೆಟ್ಟಗಳ ನಡುವಿನಿಂದ ನುಗ್ಗುವ ಗಾಳಿಗೆ ಒಣಹಾಕಿದ ಸೀರೆ ಪಕ್ಕದ ಬೀದಿಗೆ ಹೋಗುತ್ತದೆ. ಆ ಗಾಳಿಯಲ್ಲಿ, ಮಹಡಿಯ ಮೇಲೆ, ಎರಡೂ ಕಿಟಕಿ ತೆರೆದಿಟ್ಟು ನಾವು ಸೆಲೆರಾನನ್ನೂ ಸೆಂಪ್ರಾನನ್ನೂ ಹೋಲಿಸಿದ್ದೆವು.

ಆಮೇಲೆ ಕನ್ನಡಕ್ಕೆ ತಿರುಗಿ ನನಗೊಬ್ಬಳಿಗೇ ಹೇಳಿದರು. "ಮಗ್ಗ ಹೂಡಕ್ಕೆ ಮುಂಚೆ ನಾವು ಮನೆ ನೋಡ್ತೀವಮ್ಮಾ. ಬಿಸಿಲು ಬಿದ್ರೆ ದಾರ ಒಣಗಿ ಹರೀತದೆ. ಅದಕ್ಕೇ ತಗ್ಗಿನ ಹೆಂಚು, ಮಣ್ಣು ನೆಲ, ದಿನಾ ನೀರು ಚಿಮುಕಿಸೋದು. ನಮ್ಮ ಬೀದಿಯ ಚಿಕ್ಕ ಮಗುವಿಗೂ ಗೊತ್ತು. ಕಂಪ್ಯೂಟರ್ ಅಂದ ಕೂಡಲೆ ನನಗೆ ಮರೆತೋಯ್ತು. ಏನೋ ದೊಡ್ಡ ವಿಷಯ ಅಂದ್ಕೊಂಡು, ಕೈಯಲ್ಲಿದ್ದ ಬುದ್ಧಿ ಬಿಟ್ಟೆ."

ಆ ಮೂರು ದಿನ ಏನೇನು ಮಾಡಿದೆವು! ಡಬ್ಬಿಗಳ ಪಕ್ಕದ ತಗಡು ಬಿಚ್ಚಿಟ್ಟೆವು. ಪೆಡೆಸ್ಟಲ್ ಫ್ಯಾನ್ ತಂದೆವು, ಅದು ಬಿಸಿಗಾಳಿಯನ್ನೇ ಹೊಡೆಯಿತು. ಬೆಳಿಗ್ಗೆ ಟೆಸ್ಟ್ ಮಾಡಿ ಎಂದು ಕೇಳಿದೆವು, ಮ್ಯಾನೇಜರಿಗೆ ಬೆಳಿಗ್ಗೆ ಶಿಫ್ಟ್. ಸ್ಕೂಲಿನ ಕ್ಲಾಸ್‌ರೂಮುಗಳಲ್ಲಿ ಪರೀಕ್ಷೆ ನಡೆಯುತ್ತಿತ್ತು. ಹುಡುಗಿಯರು ನಮ್ಮ ಮುಖ ನೋಡುತ್ತಿದ್ದರು, ನಾವು ಅವರ ಮುಖ ನೋಡುತ್ತಿರಲಿಲ್ಲ.

ಗಂಟು ಬಿಡಿಸಿದ್ದು ಮೇಸ್ತ್ರಿಯ ಹೆಂಡತಿ. ಬೆಳಿಗ್ಗೆ ಮನೆಯಲ್ಲಿ ಮರೆತುಬಂದ ಬುತ್ತಿ ಕೊಡಲು ಆಕೆ ಹಾಲಿಗೆ ಬಂದರು. ಗುಂಡನೆ, ಗಟ್ಟಿ ದನಿಯ ಹೆಂಗಸು. ಒಳಗೆ ಕಾಲಿಟ್ಟವರೇ ಸೆರಗಿನಿಂದ ಗಾಳಿ ಹಾಕಿಕೊಂಡು, "ಅಮ್ಮಾ, ಈ ಮನುಷ್ಯ ನನ್ನ ದಾರಕ್ಕೆ ನೀರು ಚಿಮುಕಿಸು, ನೀರು ಚಿಮುಕಿಸು ಅಂತ ಇಪ್ಪತ್ತೈದು ವರ್ಷದಿಂದ ಪಾಠ ಮಾಡ್ತಾರೆ. ಇಲ್ಲಿ ನೋಡಿದ್ರೆ ಎಂಟು ಮೆಷಿನ್ನ ಒಲೆ ಒಳಗೆ ಇಟ್ಟವ್ರೆ" ಎಂದರು.

"ಸುಮ್ನಿರು" ಎಂದರು ಮೇಸ್ತ್ರಿ.

"ಯಾಕೆ ಸುಮ್ನಿರ್ಲಿ? ನಮ್ಮ ಮಗ್ಗದ ಮನೆಗೆ ಏನಾಗಿದೆ? ನಾಲ್ಕು ಮಗ್ಗ ಇದ್ದ ಜಾಗ. ಈಗ ನಂದು ಒಂದೇ."

"ಮಗ್ಗದ ಮೇಲೆ ಮದುವೆ ಸೀರೆ ಇದೆ. ಅವರಿಗೆ ಮಾತು ಕೊಟ್ಟಿದ್ದೀಯ. ಇವರನ್ನೆಲ್ಲ ಕೂರಿಸಿ ನೀನು ನೇಯಕ್ಕಾಗಲ್ಲ."

"ಸೀರೆ ಎರಡು ದಿನ ತಡ ಆದ್ರೆ ಮದುವೆ ನಿಲ್ಲಲ್ಲ. ಈ ಹೆಣ್ಣು ಪುಳ್ಳೆಗಳಿಗೆ ಎರಡು ದಿನ ತಡ ಆದ್ರೆ?" ಎಂದು ಬುತ್ತಿ ಅವರ ಕೈಗೆ ತುರುಕಿದರು. "ಮೊದಲು ತಿನ್ನೀಂಗ. ಆಮೇಲೆ ವಂಡಿ ಕರೀರಿ."

ಟೆಸ್ಟಿನ ಹಿಂದಿನ ದಿನ ಒಂದು ಸಣ್ಣ ಟೆಂಪೋದಲ್ಲಿ ಎಂಟು ಮೆಷಿನ್ ನೇಕಾರರ ಬೀದಿಗೆ ಹೊರಟವು. ಹುಡುಗಿಯರು ಮಾನಿಟರುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹೆಂಚಿನ ತಗ್ಗು ಮನೆ. ತಲೆ ಬಗ್ಗಿಸಿ ಒಳಗೆ ಹೋದರೆ ಹೊರಗಿನ ಏಪ್ರಿಲ್ ಬಾಗಿಲಲ್ಲೇ ನಿಂತುಬಿಟ್ಟಿತು. ಮಣ್ಣಿನ ನೆಲ ಪಾದಕ್ಕೆ ತಣ್ಣಗೆ. ಮೂಲೆಯಲ್ಲಿ ಆಕೆಯ ಕುಳಿಮಗ್ಗ, ಅದರ ಮೇಲೆ ಅರ್ಧ ನೇಯ್ದ, ರೇಷ್ಮೆ ಹತ್ತಿ ಬೆರೆತ ಕೋರಾ ಸೀರೆಗೆ ಬಿಳಿ ಬಟ್ಟೆ ಹೊದಿಸಿತ್ತು. ಬೆಂಚುಗಳನ್ನು ಬೀದಿಯವರೇ ತಂದುಕೊಟ್ಟರು. ಒಂದೇ ಮೀಟರಿಗೆ ಭಾರವಾಗಬಾರದೆಂದು ಪಕ್ಕದ ಮನೆಯಿಂದಲೂ ಒಂದು ವೈರ್ ಬಂತು.

ಮ್ಯಾನೇಜರ್ ಸರಿಯಾಗಿ ಎರಡಕ್ಕೆ ಬಂದರು. ಮೂವತ್ತು ದಾಟದ ಯುವಕ, ಹಾಸನದ ಕಡೆಯವರು, ಕೆಲಸಕ್ಕೆಂದು ಇಲ್ಲಿಗೆ ಬಂದು ವರ್ಷವಾಗಿತ್ತು. ಬಾಗಿಲಲ್ಲಿ ತಲೆ ಹೊಡೆಸಿಕೊಂಡರು. ಮೇಸ್ತ್ರಿಯ ಹೆಂಡತಿ, "ಬಗ್ಗಿ ಬಾರಪ್ಪಾ, ನೀರು ಕುಡೀತೀಯಾ?" ಎಂದಾಗ ಅವರ ಕೈ ಹಣೆಯ ಮೇಲೇ ನಿಂತಿತು.

"ಆಂಟೀ, ಇಲ್ಲಿ ಕನ್ನಡ ಮಾತಾಡ್ತಾರಾ?" ಎಂದು ನನ್ನನ್ನು ಕೇಳಿದರು.

"ಮತ್ತೇನು ಗಿಳಿ ಭಾಷೆಯಾ?" ಎಂದರು ಆಕೆ.

ಟ್ರೆಷರರೂ ಬಂದಿದ್ದರು. ಕೊಡೆ ಮಡಿಸಿ, 'ಜಸ್ಟ್ ಟು ಅಬ್ಸರ್ವ್' ಎಂದು ಗೋಡೆಗೊರಗಿ ನಿಂತರು.

ಅರ್ಧ ಗಂಟೆ. ನಾನು ಮೂವತ್ತು ವರ್ಷ ಪರೀಕ್ಷೆ ಹಾಲಿನಲ್ಲಿ ನಿಂತವಳು, ಅಷ್ಟು ಉದ್ದದ ಅರ್ಧ ಗಂಟೆ ನೋಡಿಲ್ಲ. ಎಂಟು ಫ್ಯಾನಿನ ಗುಂಯ್ ಎನ್ನುವ ಸದ್ದು, ಎಂಟು ಕೀಬೋರ್ಡಿನ ಚಟಪಟ. ಮೇಸ್ತ್ರಿ ಬಾಗಿಲ ಪಕ್ಕ ನಿಂತು ಪ್ರತಿ ಡಬ್ಬಿಯ ಕಡೆಗೂ ಕಿವಿ ಕೊಡುತ್ತಿದ್ದರು. ಒಂದೂ ನಿಲ್ಲಲಿಲ್ಲ. ಮ್ಯಾನೇಜರಿಗೇ ಆಶ್ಚರ್ಯ. "ಒಳ್ಳೆ ಸ್ಮೂತಾಗಿ ಓಡ್ತಾ ಇವೆ ಸರ್. ಪ್ರೊಸೆಸರ್ ಯಾವುದು?" ಎಂದು ಪಿಸುಗುಟ್ಟಿದರು.

"ನೆಲ ಮಣ್ಣಿಂದು ಸಾರ್" ಎಂದರು ಮೇಸ್ತ್ರಿ.

ಎಂಟು ಮೆಷಿನ್‌ಗಳೂ ನಿಲ್ಲಲಿಲ್ಲ ಎಂದೆನಲ್ಲ. ನಿಂತದ್ದು ಮಡತ್ತುಕುಳದ ಹುಡುಗಿ. ನಾನು ಅವಳ ನೇರ ಹಿಂದೆ ಕೂತಿದ್ದೆ. ಕಾಲು ಗಂಟೆ ಚೆನ್ನಾಗಿ ಹೊಡೆದಳು. ಆಮೇಲೆ ಒಂದು ಸಾಲು ತಪ್ಪಿತು, ಹಿಂದೆ ಹೋದಳು, ಇನ್ನೊಂದು ತಪ್ಪಿತು. ಅಷ್ಟೇ. ಬೆರಳು ಕೀಲಿಗಳ ಮೇಲೆ ಕಲ್ಲಾದವು. ಸ್ಕ್ರೀನಿನಲ್ಲಿ ಕರ್ಸರ್ ಮಿನುಗುತ್ತಲೇ ಇತ್ತು, ಮೆಷಿನ್ ಅವಳಿಗಾಗಿ ಕಾಯುತ್ತಲೇ ಇತ್ತು. ಬಾಗಿಲ ಪಕ್ಕದಿಂದ ಮೇಸ್ತ್ರಿಯೂ ನೋಡಿದ್ದರು.

ಮ್ಯಾನೇಜರ್ ಅಲ್ಲೇ ಹೆಸರು ಓದಿದರು. ಆರು ಜನ. ಉಳಿದ ಇಬ್ಬರಲ್ಲಿ ಒಬ್ಬಳಿಗೆ ಮುಂದಿನ ತಿಂಗಳು ಮದುವೆ ನಿಶ್ಚಯವಾಗಿತ್ತು, ಅವಳು ಭುಜ ಕುಣಿಸಿ ನಕ್ಕಳು. ಇವಳು ನಗಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು. ನಾನು ಹಿಂದೆಯೇ ಹೋದೆ.

"ನನಗೆ ಬರೋದೇ ಇಲ್ಲ ಮಿಸ್" ಎಂದಳು ತಮಿಳಿನಲ್ಲಿ. ಅಳುತ್ತಿರಲಿಲ್ಲ, ನನಗೆ ಭಯವಾದದ್ದೇ ಅದಕ್ಕೆ. "ನನ್ನ ತಲೆಗೆ ಇದು ಹತ್ತೋದಲ್ಲ. ಅಪ್ಪ ಹೇಳಿದ್ದು ಸರಿ. ಬನಿಯನ್ ಕಂಪನಿಗೇ ಹೋಗ್ತೀನಿ."

ನಾನು ಕಾನ್ವೆಂಟಿನವಳು. ಸತ್ಯವನ್ನು ಸ್ವಲ್ಪ ಸಿಹಿ ಸವರಿಯಾದರೂ ಹೇಳಿಬಿಡಬೇಕು ಎಂದು ಕಲಿತವಳು. ಯು ಪ್ಯಾನಿಕ್ಡ್, ಮೈ ಚೈಲ್ಡ್, ಎಂದು ಶುರುಮಾಡುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಮೇಸ್ತ್ರಿ ಬಂದರು. ಅವರ ಹಿಂದೆ, ಹೊರಡಲು ಕೊಡೆ ಬಿಚ್ಚುತ್ತ, ಟ್ರೆಷರರ್.

"ಅಮ್ಮಣಿ" ಎಂದರು ಮೇಸ್ತ್ರಿ. "ಕೊನೆಯಲ್ಲಿ ನಿನ್ನ ಮೆಷಿನ್ ನಿಂತುಬಿಟ್ಟಿತ್ತಲ್ಲಾ. ನಾನು ನೋಡಿದೆ."

ಅವಳು ತಲೆ ಎತ್ತಿದಳು. "ಮೆಷಿನ್ನಾ?"

"ಒಳಗೆ ಫ್ಯಾನು ಸರಿಯಾಗಿ ಸುತ್ತಲಿಲ್ಲ. ನೀನು ಹೊಡೆದದ್ದು ಅದು ತಗೊಳ್ಳಲಿಲ್ಲ. ನಿನಗೆ ತಿಳಿಯಲಿಲ್ಲ, ಪಾಪ. ನಿನ್ನ ಕೈ ಸರಿಯಾಗೇ ಇತ್ತು. ನನ್ನ ತಪ್ಪು."

"ನಿಜವಾ ಅಣ್ಣಾ?"

"ನಿಜ."

ಮೆಷಿನ್ ಮೇಲೆ ಇಲ್ಲದ ತಪ್ಪು ಹೊರಿಸಿದ್ದನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಟ್ರೆಷರರ್ ಕೊಡೆ ಅರ್ಧಕ್ಕೆ ನಿಲ್ಲಿಸಿ, "ಸೋ, ಒಂದು ಮೆಷಿನ್ ಫೇಲ್ ಆಯಿತು" ಎಂದರು. ಆ ಮಾತಿಗೆ ಅವರು ಎಷ್ಟು ತಿಂಗಳಿಂದ ಕಾದಿದ್ದರೋ. ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ನನ್ನ ಕಡೆ ನೋಡಿದ ರೀತಿ ಹೇಗಿತ್ತೆಂದರೆ, ತೆರೆದ ಬಾಯನ್ನು ನಾನು ಹಾಗೇ ಮುಚ್ಚಿಕೊಂಡೆ.

"ಹೌದು ಸಾರ್" ಎಂದರು. "ಫೇಲ್."

ಮಾರನೆಯ ದಿನ ಒಂಬತ್ತಕ್ಕೆ, ಮೆಷಿನ್‌ಗಳನ್ನು ಹಾಲಿಗೆ ವಾಪಸ್ ಒಯ್ಯಲು, ನಾನು ಆ ಬೀದಿಗೆ ಹೋದಾಗ ಒಳಗೆ ಮಗ್ಗದ ಸದ್ದು ಆಗಲೇ ಶುರುವಾಗಿತ್ತು. ಮಡತ್ತುಕುಳದ ಹುಡುಗಿ ಎಲ್ಲರಿಗಿಂತ ಮೊದಲು ಬಂದಿದ್ದಳು. "ಅಪ್ಪನಿಗೆ ಫೋನ್ ಮಾಡಿ ಹೇಳಿದೆ ಮಿಸ್, ಮೆಷಿನ್ ಕೆಟ್ಟಿತ್ತು ಅಂತ. ಹಾಗಾದರೆ ಇನ್ನೊಂದು ಸಲ ನೋಡು ಅಂದರು." ಅವಳ ಪಕ್ಕದಲ್ಲಿ, ನೆಲದ ಮೇಲೆ, ನಿಲ್ಲುವುದನ್ನಷ್ಟೇ ಬಲ್ಲ ಆ ಮನುಷ್ಯ ಮಂಡಿ ಮಡಿಸಿ ಕೂತಿದ್ದರು. ಅವಳಿಗೆ ಕಾಣುವ ಹಾಗೆ ಡಬ್ಬಿ ತೆರೆದು, ಚೆನ್ನಾಗಿ ಸುತ್ತುತ್ತಿದ್ದ ಫ್ಯಾನನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹೊಸದೊಂದನ್ನು ಕೂರಿಸುತ್ತಿದ್ದರು.